ತಲುಪಿರಬಹುದು

ಅಂಗಿಯ ಎಡತೋಳಿನ ಗುಂಡಿ ಒಂದೇ ಎಳೆಯ ಮೇಲೆ ನೇತಾಡುತ್ತಿರುವುದು ಬಸ್ಸಿನ ಕಂಬಿ ಹಿಡಿದು ನಿಂತಾಗ ಅವನ ಕಣ್ಣಿಗೆ ಬಿತ್ತು. ಆಗ ಕಣ್ಣಿಗೆ ಬಿತ್ತು ಎನ್ನುವುದು ಪೂರ್ತಿ ನಿಜವಲ್ಲ. ಬೆಳಿಗ್ಗೆ ತೊಡುವಾಗಲೂ ಗೊತ್ತಿತ್ತು, ನಿನ್ನೆ ಇಸ್ತ್ರಿ ಮಾಡುವಾಗಲೂ ಗೊತ್ತಿತ್ತು. ಗುಂಡಿ ಗಟ್ಟಿಯಾಗಿರುವ ಬೇರೆ ಮೂರು ಅಂಗಿಗಳು ಮೊಳೆಗೆ ತೂಗುತ್ತಿರುವಾಗ ಇದನ್ನೇ ಯಾಕೆ ತೊಟ್ಟೆ ಎಂದು ತನ್ನನ್ನೇ ಕೇಳಿಕೊಂಡ. ಇವತ್ತು ತಿಂಗಳ ಮೊದಲ ಸೋಮವಾರ, ಅದಕ್ಕೇ, ಎಂದು ಒಳಗಿನಿಂದ ಉತ್ತರ ಬಂತು. ಇರಬಹುದು ಎಂದುಕೊಂಡ. ಈ ಇರಬಹುದು ಎನ್ನುವ ಮಾತು ಅವನ ನಾಲಗೆಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಕಚೇರಿಯಲ್ಲಿ ಬೆನ್ನ ಹಿಂದೆ ಅವನಿಗೆ ಬಹುದಪ್ಪ ಎಂದೇ ಹೆಸರು. ಊಟ ಆಯ್ತಾ ಅಂದ್ರೆ ಆಗಿರಬಹುದು ಅನ್ನೋ ಆಸಾಮಿ ಎಂದು ಟೈಪಿಸ್ಟು ಹೆಂಗಸು ಅವನ ದನಿಯಲ್ಲೇ ಹೇಳಿ ಎಲ್ಲರನ್ನೂ ನಗಿಸಿದ್ದನ್ನು ಅವನೊಮ್ಮೆ ಮೆಟ್ಟಿಲಿನ ತಿರುವಿನಲ್ಲಿ ನಿಂತು ಕೇಳಿಸಿಕೊಂಡಿದ್ದ. ಅವರ ನಗು ಮುಗಿಯುವ ತನಕ ಅಲ್ಲೇ ಕಾದು, ಒಮ್ಮೆ ಕೆಮ್ಮಿ, ಆಮೇಲೆ ಮೇಲೆ ಹತ್ತಿದ್ದ. ಹಾಗೆ ಕಾದದ್ದಕ್ಕೆ ಅವನಿಗೆ ಇವತ್ತಿಗೂ ತನ್ನ ಮೇಲೆ ಸಿಟ್ಟಿದೆ. ಬಸ್ಸು ನಿಂತಿತು. ಕಂಡಕ್ಟರು, ಯಜಮಾನ್ರೇ ಇಳೀತೀರಾ ಇಲ್ವಾ, ಎಂದ. ಇಳಿಯುವ ನಿಲ್ದಾಣ ಅದೇ ಆಗಿದ್ದರೂ, ಇಳೀಬಹುದು, ಎಂದು ಹೇಳಿ ಇಳಿದ.

ಹಡಗುಗಳಲ್ಲಿ ದುಡಿಯುವವರ ಮನೆಗಳಿಗೆ ಬರುವ ಇಂಗ್ಲಿಷ್ ಕಾಗದಗಳನ್ನು ಕನ್ನಡ ಮಾಡಿಕೊಡುವುದು ಆ ಕಚೇರಿಯ ಕೆಲಸ. ಮೂರನೇ ಮಹಡಿ, ಉದ್ದನೆಯ ಕೋಣೆ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಮತ್ತು ಅದರ ಕೊಳಾಯಿಗಳು. ಇಪ್ಪತ್ತೇಳು ವರ್ಷಗಳಿಂದ ಅವನು ಆ ಕೊಳಾಯಿಗಳನ್ನು ನೋಡುತ್ತ ಅನುವಾದ ಮಾಡುತ್ತಿದ್ದಾನೆ. ಕುರ್ಚಿಯಲ್ಲಿ ಕೂತು ಇನ್ನೂ ಕನ್ನಡಕ ಒರೆಸಿರಲಿಲ್ಲ, ಮೇಲಧಿಕಾರಿ ಬಂದು ಮೇಜಿನ ತುದಿಯಲ್ಲಿ ನಿಂತಳು. ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ನಿಂತೇ ಮಾತಾಡುವುದು ಅವಳ ಅಭ್ಯಾಸ.

"ಮುಂದಿನ ವಾರ ಇಬ್ರು ಹೊಸಬರು ಸೇರ್ತಿದ್ದಾರೆ. ಪರೀಕ್ಷೇಲಿ ಇಬ್ರೂ ಒಂದೇ ಕಡೆ ಎಡವಿದ್ದಾರೆ ನೋಡಿ. ಈ ಮೇ, ಮೈಟ್, ಕುಡ್, ಮಸ್ಟ್ ಎಲ್ಲದಕ್ಕೂ ಕಣ್ಣು ಮುಚ್ಕೊಂಡು ಬಹುದು ಬಹುದು ಅಂತ ಹಾಕಿದ್ದಾರೆ. ಒಂದು ಪುಟದಲ್ಲಿ ಬಿಡಿಸಿ ಬರೆದುಕೊಡಿ. ಉದಾಹರಣೆ ಹಳೇ ಫೈಲುಗಳಿಂದಾನೇ ತೆಗೀರಿ."

"ಇವತ್ತೇ ಬೇಕಾಗಬಹುದಾ ಮೇಡಂ?"

"ಇವತ್ತೇ ಬೇಕು. ಬಹುದು ವಿಷಯದಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ ಇಲ್ಲಿ."

ಅವಳು ನಗದೆ ಹೇಳಿದಳು. ನಗದೆ ಹೇಳಿದ್ದರಿಂದಲೇ, ಅಡ್ಡಹೆಸರು ಅವಳ ತನಕವೂ ಹೋಗಿದೆ ಎಂದು ಅವನಿಗೆ ಖಾತ್ರಿಯಾಯಿತು. ಖಾತ್ರಿಯಾಗುವುದು, ಅಂದರೆ ಮಸ್ಟ್ ಹ್ಯಾವ್. ಕಣ್ಣಾರೆ ಕಂಡಿಲ್ಲ, ಆದರೆ ಆಗಿರಲೇಬೇಕು. ಹಾಳೆ ತೆಗೆದು ಅಲ್ಲಿಂದಲೇ ಶುರು ಮಾಡಿದ. ಮಸ್ಟ್ ಹ್ಯಾವ್ ಗಾನ್: ಹೋಗಿರಲೇಬೇಕು. ಕಾಂಟ್ ಹ್ಯಾವ್ ಗಾನ್: ಹೋಗಿರಲು ಸಾಧ್ಯವೇ ಇಲ್ಲ. ಮೇ ಹ್ಯಾವ್ ಗಾನ್: ಹೋಗಿರಬಹುದು, ಹೋಗದೆಯೂ ಇರಬಹುದು, ಬರೆಯುವವನಿಗೆ ಗೊತ್ತಿಲ್ಲ. ಮೈಟ್ ಬಂದಾಗ ಪೆನ್ನು ನಿಂತಿತು. ಮೇಗಿಂತ ಅದರ ನಂಬಿಕೆ ಒಂದು ಕೂದಲೆಳೆ ಕಡಿಮೆ. ಅದಕ್ಕೆ ಕನ್ನಡದಲ್ಲಿ ಏನು? ಅಜ್ಜಿ ಬಾಗಿಲಲ್ಲಿ ಕೂತು, ಬಂದಾನು, ಇವತ್ತಲ್ಲದಿದ್ರೆ ನಾಳೆ ಬಂದಾನು, ಎನ್ನುತ್ತಿದ್ದುದು ನೆನಪಾಯಿತು. ಯಾರ ಬಗ್ಗೆ ಹಾಗೆನ್ನುತ್ತಿದ್ದಳು ಎಂಬುದು ಮರೆತುಹೋಗಿದೆ. ಆ ಬಂದಾನು ಎಂಬುದರಲ್ಲಿ ಬರುವವನಿಗಿಂತ ಕಾಯುವವಳೇ ಹೆಚ್ಚು ಇದ್ದಳು. ಐದು ಮಕ್ಕಳಲ್ಲಿ ಅವನು ಕೊನೆಯವನು. ಅಣ್ಣಂದಿರು, ಅಕ್ಕಂದಿರು ಎಲ್ಲರಿಗೂ ಅವನು ಪುಟ್ಟ. ಐವತ್ತಾರು ವರ್ಷವಾಗಿ ತಲೆ ಬೆಳ್ಳಗಾದರೂ, ಉಳಿದಿರುವ ಒಬ್ಬ ಅಕ್ಕ ಫೋನಿನಲ್ಲಿ ಕೇಳುವುದು, ಪುಟ್ಟಾ ಊಟ ಮಾಡಿದ್ಯಾ, ಎಂದೇ. ಮನೆಯಲ್ಲಿ ಯಾವುದಕ್ಕೂ ಅವನನ್ನು ಯಾರೂ ಕೇಳಿದವರಲ್ಲ. ಬಹುದು ಎಂಬುದಕ್ಕೆ ಅಪ್ಪಣೆ ಎಂಬ ಅರ್ಥವೂ ಇದೆ, ಒಳಗೆ ಬರಬಹುದಾ, ಇನ್ನು ಹೊರಡಬಹುದಾ, ಎಂದು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡ. ತನ್ನ ಅಪ್ಪಣೆಯನ್ನು ಈ ಜನ್ಮದಲ್ಲಿ ಯಾರಾದರೂ ಕೇಳಿದ್ದಾರಾ ಎಂದು ಯೋಚಿಸಿದ. ನೆನಪಿಗೆ ಬರಲಿಲ್ಲ.

ಕುಡ್ ಹ್ಯಾವ್ ಎಂಬುದಕ್ಕೆ ಉದಾಹರಣೆ ಹುಡುಕಲು ಬೀರು ತೆರೆದಾಗ ಬೇರೆ ಹತ್ತು ಫೈಲುಗಳಿದ್ದವು. ಅವನ ಕೈ ಆರು ವರ್ಷ ಹಿಂದಿನ ಆ ತೆಳು ಫೈಲಿಗೇ ಹೋಯಿತು. ಅದರೊಳಗಿನ ಕಾಗದ ಅವನಿಗೆ ಬಾಯಿಪಾಠವಾಗಿದೆ. ತಿಂಗಳಿಗೊಮ್ಮೆ ಅದನ್ನು ಗಟ್ಟಿಯಾಗಿ ಓದುತ್ತಾನೆ. ಆದರೆ ಓದುವುದು ತಾನು ಮಾಡಿದ ಕನ್ನಡವನ್ನು. ಮೂಲವನ್ನು ಆವತ್ತಿನಿಂದ ಅವನು ನೋಡಿರಲಿಲ್ಲ. ಹಡಗಿನ ಕಂಪನಿಯವರು ಬರೆದ ಏಳು ಸಾಲು. ಹಡಗು ಮುಳುಗಿತು. ದೋಣಿಗಳು ಎರಡು. ಎರಡನೇ ದೋಣಿಯವರನ್ನು ದಾರಿಯಲ್ಲಿ ಸಿಕ್ಕ ಹಡಗುಗಳು ಎತ್ತಿಕೊಂಡು ಬೇರೆ ಬೇರೆ ಬಂದರುಗಳಲ್ಲಿ ಇಳಿಸಿದವು, ಎಲ್ಲರ ಹೆಸರು ಬರೆದಿಟ್ಟವರಿಲ್ಲ. ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸದಲ್ಲಿದ್ದ ನಿಮ್ಮ ಗಂಡ ಪತ್ತೆಯಾಗಿಲ್ಲ. ಕೊನೆಗೆ ಅಧಿಕಾರಿಯೊಬ್ಬನ ಹೇಳಿಕೆ: ಹೀ ಕುಡ್ ಹ್ಯಾವ್ ರೀಚ್ಡ್ ದ ಸೆಕೆಂಡ್ ಬೋಟ್. ಹೀ ವಾಸ್ ಲಾಸ್ಟ್ ಸೀನ್ ಗೋಯಿಂಗ್ ಬಿಲೋ. ಅವನು ಅದನ್ನು ಕನ್ನಡ ಮಾಡಿದ್ದು ಹೀಗೆ: ಅವರು ಎರಡನೇ ದೋಣಿಯನ್ನು ತಲುಪಿರಬಹುದು. ಕೊನೆಯದಾಗಿ ಕಂಡಾಗ ಕೆಳಗೆ ಇಳಿಯುತ್ತಿದ್ದರು. ಓದಿದವರ ಕಣ್ಣಿಗೆ ಏನು ಕಟ್ಟುತ್ತದೆ? ಹಡಗಿನ ಪಕ್ಕದಲ್ಲಿ ಒಂದು ಏಣಿ, ಏಣಿಯ ಬುಡದಲ್ಲಿ ದೋಣಿ, ಗಂಡಸೊಬ್ಬ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾನೆ. ಈಗ ಮೂಲದ ಎರಡು ಸಾಲು ಅವನ ಮುಂದೆ ಬಿದ್ದುಕೊಂಡಿದ್ದವು. ಹಡಗಿನವರ ಮಾತಿನಲ್ಲಿ ಬಿಲೋ ಎಂದರೆ ದೋಣಿಯ ಕಡೆಗಲ್ಲ, ಹಡಗಿನ ಹೊಟ್ಟೆಯೊಳಗೆ, ಎಂಜಿನ್ ಇರುವ ಕಡೆಗೆ. ಅಲ್ಲಿಗೆ ಹೋಗುತ್ತಿದ್ದವನು ದೋಣಿಯನ್ನು ತಲುಪಿರಬಹುದು ಎಂದು ಯಾವ ಅಧಿಕಾರಿಯೂ ಬರೆಯುವುದಿಲ್ಲ. ಮನಸ್ಸು ಮಾಡಿದ್ದರೆ ತಲುಪಬಹುದಿತ್ತು, ಮಾಡಲಿಲ್ಲ, ಎಂದು ಆ ಅಧಿಕಾರಿ ಬರೆದಿದ್ದ.

ತಪ್ಪಾಯಿತು, ದೊಡ್ಡ ತಪ್ಪಾಯಿತು, ಎಂದು ಅವನು ಹಣೆ ಒತ್ತಿಕೊಂಡ. ಅದರಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು. ತಪ್ಪು ಯಾರಿಗಾದರೂ ಆಗುತ್ತದೆ. ಹೊಸಬರಿಬ್ಬರೂ ಎಡವಿದ ಕಡೆಯೇ ತಾನೂ ಎಡವಿದ್ದೇನೆ, ಅಷ್ಟೇ. ಆ ಸಮಾಧಾನದಲ್ಲೇ ಹಾಳೆ ಮಗುಚಿದ. ಹಿಂದೆ ಪಿನ್ನು ಹಾಕಿ ಸಿಕ್ಕಿಸಿದ್ದ ಕರಡು ಸಿಕ್ಕಿತು, ಪೆನ್ಸಿಲಿನಲ್ಲಿ ಬರೆದದ್ದು, ಅವನದೇ ಅಕ್ಷರ. ಅವರು ಎರಡನೇ ದೋಣಿಯನ್ನು ತಲುಪಬಹುದಿತ್ತು. ಆದರೆ ಹಡಗಿನ ಒಳಕ್ಕೆ ಇಳಿಯುತ್ತಿದ್ದುದೇ ಕೊನೆಯದಾಗಿ ಕಂಡದ್ದು. ಎರಡು ಸಾಲಿನ ಮೇಲೂ ಅಡ್ಡಗೆರೆ. ಗೆರೆಯ ಮೇಲೆ, ಜಾಗ ಸಾಲದೆ ಸಣ್ಣದಾಗಿ: ತಲುಪಿರಬಹುದು. ಅವನು ಕರಡನ್ನು ಬೆಳಕಿಗೆ ಹಿಡಿದ. ಬೇರೆ ಯಾರಾದರೂ ತಿದ್ದಿರಬಹುದಾ? ಇಲ್ಲ, ಹೊಡೆದ ಗೆರೆಯೂ ಅವನದೇ. ಕೊನೆಯಲ್ಲಿ ಮೇಲಕ್ಕೆ ಚಿಮ್ಮಿಸುವುದು ಅವನ ಹಳೆಯ ಚಾಳಿ.

ಆವತ್ತು ಆ ಎಣ್ಣೆ ಬಿಡುವವನ ಹೆಂಡತಿ ಮೇಜಿನ ಆಚೆ ಕೂತಿದ್ದಳು. ಶರಟು ಫ್ಯಾಕ್ಟರಿಯಲ್ಲಿ ಗುಂಡಿ ಹಾಕುವವಳು. ಅರ್ಧ ದಿನದ ರಜೆ ಕೇಳಿ ನೇರವಾಗಿ ಬಂದಿದ್ದಳು, ಸೆರಗಿನ ಮೇಲೆಲ್ಲ ನೂಲಿನ ತುಣುಕು. ಅಳುತ್ತಿರಲಿಲ್ಲ. ಅವನ ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದಳು, ತಲೆಕೆಳಗಾಗಿ ಕಾಣುವ ಅಕ್ಷರಗಳನ್ನು ತುಟಿ ಅಲುಗಿಸುತ್ತ ಕೂಡಿಸಿಕೊಳ್ಳುತ್ತಿದ್ದಳು. ತ, ಲು, ಪ, ಎಂದು ಅವಳ ತುಟಿ ಅಲುಗಿದ್ದು ಈಗ ಸ್ಪಷ್ಟವಾಗಿ ನೆನಪಾಯಿತು. ಅಷ್ಟಕ್ಕೆ ಅವನು ಅಂಗೈಯಿಂದ ಹಾಳೆ ಮುಚ್ಚಿ, ಕುಡಿಯಲು ನೀರು ತಂದುಕೊಟ್ಟಿದ್ದ. ಅವಳು ನೀರು ಕುಡಿಯುವಷ್ಟರಲ್ಲಿ ಗೆರೆ ಹೊಡೆದಿದ್ದ. ಶುದ್ಧಪ್ರತಿಯನ್ನು ಓದಿ ಹೇಳಿದಾಗ ಅವಳು, ಇರಬಹುದು ಅಂದ್ರೆ ಇದ್ದಾರೆ ಅಂತಲೂ ಆಗತ್ತಲ್ವಾ ಅಣ್ಣ, ಎಂದಳು. ಐವತ್ತು ವರ್ಷದ ಪುಟ್ಟನನ್ನು ಅಣ್ಣ ಎಂದು ಕರೆದವರು ಅವಳೇ ಮೊದಲು. ಆಗತ್ತೆ, ಎಂದಿದ್ದ ಅವನು. ಅಲ್ಲಿಂದ ಪ್ರತಿ ತಿಂಗಳ ಮೊದಲ ಸೋಮವಾರ ಮೂರು ಗಂಟೆಗೆ ಅವಳು ಬರುತ್ತಾಳೆ. ಹೊಸ ಕಾಗದ ಏನೂ ಬರಲಿಲ್ವಾ ಅಣ್ಣ ಎನ್ನುತ್ತಾಳೆ, ಅವನು ಬರೆದುಕೊಟ್ಟ ಹಳೆಯ ಪ್ರತಿಯನ್ನು ತೆಗೆದು ಓದಿಸಿಕೊಳ್ಳುತ್ತಾಳೆ, ಅವನ ಅಂಗಿಯಲ್ಲಿ ಸಡಿಲವಾದ ಗುಂಡಿ ಕಂಡರೆ ಚೀಲದಿಂದ ಸೂಜಿ ತೆಗೆದು ಹೊಲಿಯುತ್ತಾಳೆ, ಬರ್ತೀನಿ ಅಣ್ಣ ಎಂದು ಹೋಗುತ್ತಾಳೆ. ಸೋಮವಾರಕ್ಕೆ ಮೊದಲಿನ ಎರಡು ದಿನ ಅವನು, ರೇಡಿಯೋ ಕೇಳುತ್ತಲೋ ಸುಮ್ಮನೆ ಗೋಡೆ ನೋಡುತ್ತಲೋ, ತೋಳಿನ ಗುಂಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿರುಗಿಸುತ್ತಿರುತ್ತಾನೆ. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿಯ ಆ ಕೋಣೆಯಲ್ಲಿ ಇನ್ನೊಬ್ಬರು ಮುಟ್ಟುವಂಥದ್ದು ಆ ಗುಂಡಿ ಒಂದೇ. ಇದನ್ನು ಇಷ್ಟು ನೇರವಾಗಿ ಅವನು ಇವತ್ತಿನ ತನಕ ತನಗೇ ಹೇಳಿಕೊಂಡಿರಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿದ, ಮುಚ್ಚಿದ. ಟೈಪಿಸ್ಟು ಹೆಂಗಸು, ಊಟ ಆಯ್ತಾ ಸಾರ್, ಎಂದು ಕೇಳಿ ಪಕ್ಕದವಳ ಕಡೆ ನೋಡಿದಳು. ಇಲ್ಲ, ಎಂದು ಅವನು ಹೇಳಿದಾಗ ಇಬ್ಬರಿಗೂ ನಿರಾಸೆಯಾಯಿತು. ಮೂರು ಗಂಟೆಗೆ ಬರುವವಳಿಗೆ ನಿಜ ಹೇಳಬಹುದು. ಹೇಳದೆಯೂ ಇರಬಹುದು. ಆರು ವರ್ಷ ಕಳೆದಿದೆ, ಈಗ ಹೇಳಿ ಯಾರಿಗೇನು ಲಾಭ? ಅವಳು ಆ ಒಂದು ಮಾತನ್ನು ಹಿಡಿದುಕೊಂಡು ಬದುಕುತ್ತಿದ್ದಾಳೆ, ಅದನ್ನು ಕಿತ್ತುಕೊಳ್ಳುವುದು ಕ್ರೌರ್ಯವಲ್ಲವೇ? ಈ ವಾದ ಅವನಿಗೆ ತುಂಬ ಹಿಡಿಸಿತು. ಹಿಡಿಸಿದ್ದರಿಂದಲೇ ಅನುಮಾನವೂ ಬಂತು. ನಿಜ ಹೇಳಿದರೆ ಅವಳು ಮತ್ತೆ ಬರುವುದಿಲ್ಲ, ಬರಲು ಕಾರಣವೇ ಇರುವುದಿಲ್ಲ. ಅಷ್ಟು ಲೆಕ್ಕ ಅವನಿಗೆ ಬರುತ್ತದೆ. ಆವತ್ತು ಗೆರೆ ಹೊಡೆದದ್ದು ಕನಿಕರಕ್ಕೆ ಇರಬಹುದು. ಆಮೇಲಿನ ಎಪ್ಪತ್ತು ಸೋಮವಾರಗಳು? ಅಲ್ಲದೆ ಇನ್ನೊಂದು ದಾರಿಯೂ ಇತ್ತು. ಇಂಗ್ಲಿಷಿನ ಕುಡ್ ಹ್ಯಾವ್ ಎಂಬುದಕ್ಕೆ ಎರಡು ಅರ್ಥ ನಿಜವಾಗಿಯೂ ಇದೆ. ಆಗಿರಬಹುದು, ಎಂದೂ ಆಗುತ್ತದೆ. ಆಗಬಹುದಿತ್ತು, ಎಂದೂ ಆಗುತ್ತದೆ. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಬಾಗಿಲು, ಕನ್ನಡದಲ್ಲಿ ಎರಡು, ಯಾವುದನ್ನು ತಟ್ಟಬೇಕು ಎಂಬುದು ಅನುವಾದಕನಿಗೆ ಬಿಟ್ಟದ್ದು. ಇದನ್ನೇ ಚೆಂದವಾಗಿ ಹಾಳೆಯಲ್ಲಿ ಬರೆದ. ಇದರ ಮರೆಯಲ್ಲಿ ನಿವೃತ್ತಿಯ ತನಕ ನೆಮ್ಮದಿಯಾಗಿ ಕೂರಬಹುದು ಎನಿಸಿತು. ಹಾಳೆಯಲ್ಲಿ ಬರೆಯಬೇಕಿದ್ದ ಮುಂದಿನ ಸಾಲು, ಮೂಲದಲ್ಲಿ ಮುಂದೇನು ಬರೆದಿದೆ ಎಂದು ನೋಡಿದರೆ ಯಾವ ಅರ್ಥ ಎಂಬುದು ತಾನಾಗಿ ತಿಳಿಯುತ್ತದೆ, ಎಂಬುದು. ಅದನ್ನು ಬರೆಯದೆ ಬಿಡುವುದು ಹೊಸಬರಿಗೆ ಮೋಸ. ಬರೆದ.

ಮೂರಕ್ಕೆ ಐದು ನಿಮಿಷ ಇರುವಾಗ ಅವಳು ಬಂದಳು. ಎಂದಿನಂತೆ ಹೊಸ ಕಾಗದದ ವಿಷಯ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತವಳ ಕಣ್ಣು ಮೊದಲು ಹೋದದ್ದು ಅವನ ತೋಳಿಗೆ.

"ಮತ್ತೆ ಬಿಚ್ಚಿಕೊಂಡಿದೆಯಲ್ಲ ಅಣ್ಣ. ಕೈ ಕೊಡಿ ಇತ್ಲಾಗೆ. ನಾನು ಹಾಕಿದ ಗುಂಡಿ ಯಾರ ಅಂಗೀಲೂ ಬಿದ್ದಿದ್ದಿಲ್ಲ. ನಿಮ್ದು ಮಾತ್ರ ತಿಂಗಳಿಗೊಂದು ಬೀಳತ್ತೆ. ಏನು ಮಾಡ್ತೀರಿ ಈ ಕೈಯಲ್ಲಿ?"

ಅವನು ಕೈ ಚಾಚಿದ. ಅವಳು ಹಳೆಯ ಎಳೆ ಕಿತ್ತು ಸೂಜಿಗೆ ಹೊಸ ದಾರ ಪೋಣಿಸಿದಳು.

"ಅಕ್ಕ ಕರೀತಿದ್ದಾಳೆ," ಎಂದಳು ಗುಂಡಿಯನ್ನು ನೋಡುತ್ತಲೇ. "ಅವಳಿಗೂ ಯಾರಿಲ್ಲ, ಮಂಡಿ ಬೇರೆ ಸರಿಯಿಲ್ಲ. ಬಂದ್ಬಿಡು, ಇಬ್ರೂ ಒಟ್ಟಿಗಿರೋಣ ಅಂತ ಎರಡು ಸಲ ಕರೆದ್ಲು. ಇದು ಮೂರನೇ ಸಲ. ಇನ್ನು ಕರೆಯಲ್ಲ, ನಾಳೆ ಒಂದು ಮಾತು ಹೇಳ್ಬಿಡು ಅಂದಿದ್ದಾಳೆ. ದೂರದ ಊರು ಅಣ್ಣ. ನಾನು ಮನೆ ಖಾಲಿ ಮಾಡಿ ಹೋದ್ಮೇಲೆ ಇವರು ಬಂದು ಬಾಗಿಲು ತಟ್ಟಿದ್ರೆ? ಇವರಿಗೆ ಗೊತ್ತಿರೋದು ಅದೊಂದೇ ಬಾಗಿಲು. ಅದಕ್ಕೇ ಆರು ವರ್ಷದಿಂದ ಅದೇ ಕೋಣೇಲಿದ್ದೀನಿ. ನೀವು ಆ ಕಾಗದ ಇನ್ನೊಂದ್ಸಲ ಓದಿ. ಇವತ್ತು ಸರಿಯಾಗಿ ಕೇಳಿಸ್ಕೊಂಡು ನಿರ್ಧಾರ ಮಾಡ್ತೀನಿ."

ಫೈಲು ಮೇಜಿನ ಮೇಲೆ ತೆರೆದೇ ಇತ್ತು. ಬಲಗೈಯಿಂದ ಮೂಲ ಕಾಗದ ತೆಗೆದುಕೊಂಡ. ಎಡಗೈ ಅವಳ ಬಳಿ ಇತ್ತು. ಹಡಗು, ದೋಣಿಗಳು, ಬಂದರುಗಳು, ಎಲ್ಲವನ್ನೂ ಎಂದಿನ ದನಿಯಲ್ಲೇ ಓದಿದ. ಇದೊಂದು ಸಲ ಮಾತ್ರ, ಇರಬಹುದು ಎಂದುಬಿಟ್ಟರೆ, ಮುಂದಿನ ತಿಂಗಳ ಮೊದಲ ಸೋಮವಾರವೂ ಮೂರು ಗಂಟೆ ಆಗುತ್ತದೆ.

"ಅವರು ಎರಡನೇ ದೋಣಿಯನ್ನು," ಎಂದು ನಿಲ್ಲಿಸಿ, "ತಲುಪಬಹುದಿತ್ತು," ಎಂದ.

ಸೂಜಿ ಗುಂಡಿಯ ಎರಡನೇ ತೂತಿನಲ್ಲಿ ನಿಂತಿತು.

"ತಲುಪಿರಬಹುದು ಅಂತಲ್ವಾ ಇರೋದು? ನನಗೆ ಬಾಯಿಪಾಠ ಆಗಿದೆ."

"ಹಾಗೆ ಬರೆದದ್ದು ನಾನು. ಅವರು ಬರೆದದ್ದು ಅದಲ್ಲ."

ಅವಳು ಎರಡು ಮಾತನ್ನೂ ಒಂದಾದ ಮೇಲೊಂದು ಮೆಲ್ಲಗೆ ಹೇಳಿಕೊಂಡಳು, ಬಟ್ಟೆಯ ಎರಡು ತುಂಡನ್ನು ಬೆರಳಲ್ಲಿ ಹಿಡಿದು ನೋಡುವವರ ಹಾಗೆ.

"ಬಹುದಿತ್ತು ಅಂದ್ರೆ, ತಲುಪ್ಲಿಲ್ಲ."

"ಹೌದು."

"ಕೆಳಗೆ ಇಳೀತಿದ್ರು ಅಂತ ಇತ್ತಲ್ಲ."

"ದೋಣಿಗಲ್ಲ. ಹಡಗಿನ ಒಳಗೆ. ಎಂಜಿನ್ನಿನ ಕಡೆಗೆ."

ಕಿಟಕಿಯಾಚೆ ಕೊಳಾಯಿಯಲ್ಲಿ ಯಾರದೋ ಮನೆಯ ನೀರು ಹರಿದುಹೋಯಿತು. ಅವಳು ಅದು ನಿಲ್ಲುವ ತನಕ ಕೇಳಿಸಿಕೊಂಡಳು.

"ಯಾರೋ ಕೂಗಿರ್ಬೇಕು ಒಳಗಿಂದ," ಎಂದಳು. "ಇವರು ಹಾಗೇನೇ. ಬಸ್ಸಿಂದ ಇಳಿದಾದ್ಮೇಲೂ, ಯಾರೋ ಛತ್ರಿ ಮರ್ತಿದ್ದಾರೆ ಅಂತ ಮತ್ತೆ ಹತ್ತೋರು. ಒಂದ್ಸಲ ಬಸ್ಸು ಇವರನ್ನೂ ಕರ್ಕೊಂಡೇ ಹೊರಟೋಯ್ತು. ನಾನು ರಸ್ತೇಲಿ ನಿಂತು ಬೈಕೊಂಡೆ." ಸೂಜಿ ಮತ್ತೆ ಚಲಿಸಿತು. "ದೋಣಿಗೆ ಹತ್ತಿರ ಇದ್ರು ಅಂತಾಯ್ತು. ಇದ್ದೂ ಒಳಗೆ ಹೋದ್ರು."

"ಇಂಗ್ಲಿಷಿನಲ್ಲಿ ಆ ಮಾತಿಗೆ ಎರಡು ಅರ್ಥ ಇದೆ," ಎಂದ ಅವನು. ಹೇಳಬಾರದು ಎಂದುಕೊಂಡಿದ್ದ, ಬಾಯಿಗೆ ಬಂದುಬಿಟ್ಟಿತು. "ಹಾಗೂ ಆಗತ್ತೆ, ಹೀಗೂ ಆಗತ್ತೆ. ಆದ್ರಿಂದ..."

"ನಿಮಗೆ ಆವತ್ತು ಯಾವುದು ಗೊತ್ತಾಗಿತ್ತು ಅಣ್ಣ?"

"ನನಗೆ ಆವತ್ತೇ ಗೊತ್ತಾಗಿರಬಹುದು. ಆದರೆ..."

"ಬಹುದು ಬೇಡ. ಗೊತ್ತಿತ್ತಾ, ಇರ್ಲಿಲ್ವಾ?"

ಅವಳು ತಲೆ ಎತ್ತಿರಲಿಲ್ಲ. ತೋಳು ಇನ್ನೂ ಅವಳ ಕೈಯಲ್ಲೇ ಇತ್ತು. ಕಿತ್ತುಕೊಳ್ಳುವಂತೆ ಇರಲಿಲ್ಲ, ಕಿತ್ತುಕೊಂಡರೆ ಸೂಜಿ ಚುಚ್ಚುತ್ತದೆ. ಹಾಳೆಯ ಮೇಲೆ ಅವನು ಬೆಳಗಿನಿಂದ ಬರೆದ ಮೇ, ಮೈಟ್, ಕುಡ್‌ಗಳೆಲ್ಲ ಸಾಲಾಗಿ ಕೂತಿದ್ದವು. ಅದರಲ್ಲಿ ಒಂದೂ ಈ ಪ್ರಶ್ನೆಗೆ ಒದಗುವಂತಿರಲಿಲ್ಲ.

"ಗೊತ್ತಿತ್ತು," ಎಂದ.

ಅವಳು ಉಳಿದ ಎರಡು ತೂತುಗಳಿಗೆ ದಾರ ಹಾಯಿಸಿದಳು, ಗುಂಡಿಯ ಬುಡಕ್ಕೆ ಮೂರು ಸುತ್ತು ಸುತ್ತಿ ಗಂಟು ಹಾಕಿದಳು, ಪುಟ್ಟ ಕತ್ತರಿಯಿಂದ ಕತ್ತರಿಸಿದಳು. ಫ್ಯಾಕ್ಟರಿಯಲ್ಲಿ ಮಾಡುವಂತೆ ಒಮ್ಮೆ ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು. ತೋಳನ್ನು ಮೇಜಿನ ಮೇಲೆ ಇಟ್ಟಳು, ಸೂಜಿಯನ್ನು ಡಬ್ಬಿಗೆ, ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಚೀಲದ ಇನ್ನೊಂದು ಜೇಬಿನಿಂದ, ಮಡಿಕೆಗಳಲ್ಲಿ ಹರಿದು ಹಿಂದಿನಿಂದ ಬಟ್ಟೆ ಅಂಟಿಸಿದ್ದ ಅವನ ಶುದ್ಧಪ್ರತಿಯನ್ನು ತೆಗೆದು ಫೈಲಿನ ಮೇಲೆ ಇಟ್ಟಳು. ಎದ್ದು ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿದಳು. ಬಾಗಿಲಿನ ಕಡೆ ತಿರುಗಿದವಳು, ಕಚೇರಿಗೆ ಮೊದಲ ಸಲ ಬಂದವರು ನಿಲ್ಲುವ ಹಾಗೆ, ಮೇಜಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಳು. ಬರ್ತೀನಿ ಎನ್ನುತ್ತಾಳೆ ಎಂದು ಅವನು ಕಾದ.

"ನಾನಿನ್ನು ಹೋಗಬಹುದಾ ಸಾರ್?" ಎಂದು ಕೇಳಿದಳು.

"ಹೋಗಬಹುದು," ಎಂದ.